ಡಿಓ ಸಂಘದ ಬೋರ್ಡಿಗೆ ಯಾರನ್ನು ಆರಿಸಬೇಕು?

ಪ್ರಶ್ನೆ: ನಾನು ಶಿವಮೊಗ್ಗ ಕಡೆಯವಳು. ಹೈಸ್ಕೂಲಿನಿಂದ ಓದಿದ್ದೆಲ್ಲ ಅಮೆರಿಕದಲ್ಲೇ. ಇಲ್ಲಿನ ಆಸ್ಟಿಯೋಪಥಿಕ್ ಮೆಡಿಕಲ್ ಕಾಲೇಜಿನಲ್ಲಿ ಡಿಓ (ಎಂಡಿಯ ಹಾಗೇ ಡಾಕ್ಟರ್ ಆಗುವ ಇನ್ನೊಂದು ಪದವಿ) ಮುಗಿಸಿ, ಈಗ ಮಿಡ್‌ವೆಸ್ಟಿನ ಒಂದು ಸಣ್ಣ ಊರಲ್ಲಿ ಫ್ಯಾಮಿಲಿ ಡಾಕ್ಟರ್ ಆಗಿದ್ದೇನೆ. ನಮ್ಮ ರಾಜ್ಯದ ಡಿಓ ಸಂಘದ ಬೋರ್ಡಿಗೆ ಚುನಾವಣೆ ಬಂದಿದೆ. ಮೂರು ಸ್ಥಾನಕ್ಕೆ ಐದು ಜನ ನಿಂತಿದ್ದಾರೆ. ಅಧ್ಯಕ್ಷ ಸ್ಥಾನಕ್ಕೆ ಮಾತ್ರ ಒಬ್ಬರೇ. ಎಲ್ಲರ ಪರಿಚಯ ಪತ್ರ ಓದಿದೆ, ಒಂದಕ್ಕೂ ಇನ್ನೊಂದಕ್ಕೂ ವ್ಯತ್ಯಾಸವೇ ಕಾಣಲಿಲ್ಲ. ಅವರಲ್ಲಿ ಒಬ್ಬರು ಭಾರತೀಯ ಮೂಲದವರು, ನಮ್ಮವರು ಅಂತ ಅವರಿಗೇ ಹಾಕು ಎಂದು ಸ್ನೇಹಿತರು ಹೇಳುತ್ತಿದ್ದಾರೆ. ಇನ್ನೊಬ್ಬರು ನಾನು ಓದಿದ ಕಾಲೇಜಿನ ಡೀನ್. ಮತ್ತೊಬ್ಬರು ದೊಡ್ಡ ಆಸ್ಪತ್ರೆ ಸಮೂಹದ ಮುಖ್ಯ ವೈದ್ಯಾಧಿಕಾರಿ. ಏನು ನೋಡಿ ವೋಟು ಹಾಕಬೇಕು? ನನ್ನ ಒಂದು ವೋಟಿನಿಂದ ಏನಾದರೂ ಆಗುತ್ತಾ?

ಉತ್ತರ: ಕೊನೆಯದಕ್ಕೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಆಗುತ್ತದೆ, ಖಂಡಿತ ಹಾಕಿ. ಡಾಕ್ಟರುಗಳ ಸಂಘಗಳಿಗೆ ಬೈಲಾ ತಿದ್ದಿಕೊಡುವುದು, ಚುನಾವಣೆ ನಡೆಸಿಕೊಡುವುದು, ಬೋರ್ಡಿಗೆ ಹೊಸದಾಗಿ ಬಂದವರಿಗೆ ಕೆಲಸ ಹೇಳಿಕೊಡುವುದು ನನ್ನ ವೃತ್ತಿ. ಈ ಚುನಾವಣೆಗಳಲ್ಲಿ ಈಮೇಲನ್ನು ತೆರೆದೂ ನೋಡದ ಸದಸ್ಯರೇ ಜಾಸ್ತಿ. ಹಾಗಾಗಿ ಹಾಕಿದ ಒಂದೊಂದು ವೋಟಿಗೂ ತೂಕ ಬರುತ್ತದೆ.

ಅಧ್ಯಕ್ಷ ಸ್ಥಾನಕ್ಕೆ ಒಬ್ಬರೇ ಇದ್ದಾರೆ ಅಂತ ಬೇಸರ ಮಾಡಿಕೊಂಡಿದ್ದೀರಿ. ಆ ಸ್ಥಾನವನ್ನು ಸದ್ಯಕ್ಕೆ ಮರೆತುಬಿಡಿ. ನಿಮ್ಮ ನಿಜವಾದ ಚುನಾವಣೆ ಇರುವುದು ಆ ಮೂರು ಸಣ್ಣ ಸ್ಥಾನಗಳಲ್ಲಿ. ಹೆಚ್ಚಿನ ರಾಜ್ಯ ಸಂಘಗಳಲ್ಲಿ ಇದು ಹೀಗೇ ನಡೆಯುತ್ತದೆ: ಒಬ್ಬರು ಮೊದಲು ಟ್ರಸ್ಟಿ, ಅಂದರೆ ಬೋರ್ಡಿನ ಸಾಮಾನ್ಯ ಸದಸ್ಯರಾಗಿ ಬರುತ್ತಾರೆ, ಆಮೇಲೆ ಕಾರ್ಯದರ್ಶಿಯೋ ಖಜಾಂಚಿಯೋ ಆಗುತ್ತಾರೆ, ಅಲ್ಲಿಂದ ಉಪಾಧ್ಯಕ್ಷ, ಮುಂದಿನ ವರ್ಷ ನಿಯೋಜಿತ ಅಧ್ಯಕ್ಷ, ಅದರ ಮುಂದಿನ ವರ್ಷ ಅಧ್ಯಕ್ಷ, ಅದಾದ ಮೇಲೂ ಒಂದು ವರ್ಷ ಮಾಜಿ ಅಧ್ಯಕ್ಷರಾಗಿ ಬೋರ್ಡಲ್ಲೇ ಇರುತ್ತಾರೆ. ಒಂದು ಸಲ ಈ ಸಾಲಿಗೆ ಸೇರಿದವರನ್ನು ಯಾರೂ ನಡುವೆ ತಡೆಯುವುದಿಲ್ಲ. ತಡೆದರೆ ಅವಮಾನ ಮಾಡಿದ ಹಾಗೆ ಆಗುತ್ತದೆ ಅಂತ ಎಲ್ಲರಿಗೂ ಸಂಕೋಚ. ಆದ್ದರಿಂದ ನೀವು ಈ ತಿಂಗಳು ಆರಿಸುವ ಮೂವರಲ್ಲಿ ಒಬ್ಬರು ಐದಾರು ವರ್ಷದಲ್ಲಿ ಸಂಘದ ಅಧ್ಯಕ್ಷರಾಗಿರುವ ಸಾಧ್ಯತೆ ತುಂಬಾ ಇದೆ. ಈಗ ಒಬ್ಬರೇ ನಿಂತಿದ್ದಾರಲ್ಲ, ಅವರ ಚುನಾವಣೆಯೂ ವರ್ಷಗಳ ಹಿಂದೆ, ಯಾರೂ ಗಮನ ಕೊಡದ ಒಂದು ಟ್ರಸ್ಟಿ ಸ್ಥಾನದಲ್ಲಿ ಆಗಿಹೋಗಿದೆ. ಐದು ಪತ್ರಗಳನ್ನು ಇನ್ನೊಮ್ಮೆ ಓದುವಾಗ ಇದು ನೆನಪಿರಲಿ. ಒಳ್ಳೆಯ ಡಾಕ್ಟರ್ ಹೌದೋ ಅಲ್ಲವೋ ಎನ್ನುವುದನ್ನು ನಿಮ್ಮ ವೋಟು ತೀರ್ಮಾನಿಸುವುದಿಲ್ಲ, ಐದೂ ಜನ ಒಳ್ಳೆಯ ಡಾಕ್ಟರುಗಳೇ ಇರಬಹುದು. ಕಷ್ಟದ ಹೊತ್ತಿನಲ್ಲಿ ಸಂಘದ ಹೆಸರಲ್ಲಿ ಸಹಿ ಹಾಕುವ ಅಧಿಕಾರವನ್ನು ಯಾರ ಕೈಗೆ ಕೊಡಬಹುದು ಅನ್ನುವುದು ಇಲ್ಲಿರುವ ಪ್ರಶ್ನೆ.

ಇದನ್ನು ಓದುತ್ತಿರುವ ಉಳಿದವರಿಗಾಗಿ ಸ್ವಲ್ಪ ಹಿನ್ನೆಲೆ ಹೇಳಬೇಕು. ಅಮೆರಿಕದಲ್ಲಿ ಡಾಕ್ಟರ್ ಆಗಲು ಎರಡು ಪದವಿಗಳಿವೆ, ಎಂಡಿ ಮತ್ತು ಡಿಓ. ಡಿಓ ಪದ್ಧತಿಯನ್ನು ಶುರುಮಾಡಿದವರು ಆಂಡ್ರ್ಯೂ ಟೇಲರ್ ಸ್ಟಿಲ್. 1892 ರಲ್ಲಿ ಮಿಸ್ಸೌರಿಯ ಕರ್ಕ್ಸ್‌ವಿಲ್ ಎಂಬ ಸಣ್ಣ ಊರಲ್ಲಿ ಅವರು ಮೊದಲ ಕಾಲೇಜು ತೆರೆದರು. ಮೂಳೆ, ಕೀಲು, ಸ್ನಾಯುಗಳನ್ನು ಕೈಯಿಂದಲೇ ಪರೀಕ್ಷಿಸಿ ಸರಿಪಡಿಸುವ ವಿದ್ಯೆ ಅದರ ವಿಶೇಷ. ಇವತ್ತಿನ ಡಿಓಗಳು ಔಷಧ ಬರೆಯುತ್ತಾರೆ, ಆಪರೇಷನ್ ಮಾಡುತ್ತಾರೆ, ಎಂಡಿಗಳು ಮಾಡುವ ಎಲ್ಲವನ್ನೂ ಮಾಡುತ್ತಾರೆ. ಬ್ರಿಟನ್ನಿನ ಆಸ್ಟಿಯೋಪಾತ್‌ಗಳ ಕಥೆ ಬೇರೆ, ಅವರು ಮೆಡಿಕಲ್ ಡಾಕ್ಟರುಗಳಲ್ಲ. ಅಮೆರಿಕದಲ್ಲೂ ಈ ಪೂರ್ತಿ ಹಕ್ಕು ಸುಲಭವಾಗಿ ಬಂದಿದ್ದಲ್ಲ. 1896 ರಲ್ಲಿ ವರ್ಮಾಂಟ್ ಮೊದಲು ಲೈಸೆನ್ಸ್ ಕೊಟ್ಟಿತು, ಕೊನೆಯ ರಾಜ್ಯ ಮಿಸಿಸಿಪ್ಪಿ ಪೂರ್ತಿ ಹಕ್ಕು ಕೊಟ್ಟಿದ್ದು 1973 ರಲ್ಲಿ. ಈಗ ಅಲ್ಲಿನ ಮೆಡಿಕಲ್ ವಿದ್ಯಾರ್ಥಿಗಳಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರು ಡಿಓ ಓದುತ್ತಿದ್ದಾರೆ. ಅವರಲ್ಲಿ ನಮ್ಮ ಕನ್ನಡದ ಮನೆಗಳ ಮಕ್ಕಳೂ ಇದ್ದಾರೆ.

ಇನ್ನು ನಿಮ್ಮ ವಿಷಯ. ಮೊದಲು ಬೋರ್ಡು ಯಾವುದು ಅನ್ನುವುದು ತಲೆಯಲ್ಲಿ ಸ್ಪಷ್ಟವಾಗಿರಲಿ. ಸದಸ್ಯರಲ್ಲೇ ಈ ಗೊಂದಲ ತುಂಬಾ ಇದೆ. ನಿಮಗೆ ಲೈಸೆನ್ಸ್ ಕೊಡುವ, ದೂರು ಬಂದರೆ ವಿಚಾರಣೆ ಮಾಡುವ ಬೋರ್ಡು ಸರಕಾರದ್ದು. ಅದಕ್ಕೆ ಸಾಮಾನ್ಯವಾಗಿ ಗವರ್ನರ್ ನೇಮಕ ಮಾಡುತ್ತಾರೆ, ನೀವು ವೋಟು ಹಾಕುವುದಿಲ್ಲ. ಮಿಷಿಗನ್, ಪೆನ್ಸಿಲ್ವೇನಿಯಾ, ಕ್ಯಾಲಿಫೋರ್ನಿಯಾದಂಥ ರಾಜ್ಯಗಳಲ್ಲಿ ಡಿಓಗಳಿಗೇ ಬೇರೆ ಲೈಸೆನ್ಸ್ ಬೋರ್ಡು ಇದೆ. ಓಹಾಯೋ, ಟೆಕ್ಸಸ್‌ನಲ್ಲಿ ಎಂಡಿ, ಡಿಓ ಇಬ್ಬರಿಗೂ ಒಂದೇ. ಡಿಓ ಹುಟ್ಟಿದ ಮಿಸ್ಸೌರಿಯಲ್ಲೂ ಒಂದೇ. ನಿಮ್ಮ ಸ್ಪೆಷಾಲಿಟಿಯ ಪರೀಕ್ಷೆ ನಡೆಸಿ ಸರ್ಟಿಫಿಕೇಟ್ ಕೊಡುವ ಬೋರ್ಡು ಇನ್ನೊಂದು. ನೀವು ಈಗ ಆರಿಸುತ್ತಿರುವುದು ಮೂರನೆಯದು, ಅಂದರೆ ನಿಮ್ಮ ಚಂದಾ ಹಣದಲ್ಲಿ ನಡೆಯುವ ಸಂಘದ ಆಡಳಿತ ಮಂಡಳಿ. "ಲೈಸೆನ್ಸ್ ರಿನ್ಯೂವಲ್ ಸುಲಭ ಮಾಡುತ್ತೇನೆ" ಅಂತ ಯಾವುದಾದರೂ ಅಭ್ಯರ್ಥಿ ಬರೆದಿದ್ದರೆ, ಆ ಕೆಲಸ ಅವರ ಕೈಯಲ್ಲಿ ಇಲ್ಲ. ಸರಕಾರದ ಬೋರ್ಡಿನ ಮುಂದೆ ಅಹವಾಲು ಇಡಬಹುದು, ಶಾಸಕರನ್ನು ಹಿಡಿದು ಮಸೂದೆ ತರಿಸಬಹುದು, ಅಷ್ಟೇ. ಹೇಗೆ ತರಿಸುತ್ತಾರೆ ಅಂತ ಬರೆದಿದ್ದರೆ ಸಂತೋಷ. ಬರೆದಿಲ್ಲದಿದ್ದರೆ ಅವರಿಗೆ ತಾವು ನಿಂತಿರುವ ಸ್ಥಾನದ ಕೆಲಸವೇ ಗೊತ್ತಿಲ್ಲ ಅಂತ ಅರ್ಥ.

ಒಂದು ರಾಜ್ಯ ಸಂಘದ ಬೋರ್ಡಿಗೆ ಅಷ್ಟೆಲ್ಲ ಶಕ್ತಿ ಇದೆಯಾ ಅಂತ ನಿಮಗೆ ಅನ್ನಿಸಬಹುದು. ಕ್ಯಾಲಿಫೋರ್ನಿಯಾದಲ್ಲಿ ಏನಾಯಿತು ಅನ್ನುವುದನ್ನು ಪ್ರತಿ ಡಿಓ ತಿಳಿದಿರಬೇಕು ಅಂತ ನಾನು ನಂಬಿದ್ದೇನೆ. ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

1950ರ ದಶಕದಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಡಿಓಗಳು ದೊಡ್ಡ ಸಂಖ್ಯೆಯಲ್ಲಿದ್ದರು. ಲಾಸ್ ಏಂಜಲೀಸ್‌ನಲ್ಲಿ ಸ್ವಂತ ಕಾಲೇಜಿತ್ತು, ಆಸ್ಪತ್ರೆಗಳಿದ್ದವು, 1922 ರಲ್ಲಿ ಮತದಾರರೇ ವೋಟು ಹಾಕಿ ಮಾಡಿಕೊಟ್ಟ ಸ್ವಂತ ಲೈಸೆನ್ಸ್ ಬೋರ್ಡಿತ್ತು. ಆದರೆ ಗೌರವ ಇರಲಿಲ್ಲ. ಎಂಡಿಗಳ ರಾಷ್ಟ್ರೀಯ ಸಂಘ ಡಿಓಗಳ ಜೊತೆ ಸೇರಿ ಕೆಲಸ ಮಾಡುವುದನ್ನೇ ತಪ್ಪು ಅಂತ ಎಣಿಸುತ್ತಿದ್ದ ಕಾಲ ಅದು. ಈ ಸ್ಥಿತಿಯಲ್ಲಿ ರಾಜ್ಯದ ಡಿಓ ಸಂಘದ ಮುಖಂಡರು ಎಂಡಿಗಳ ರಾಜ್ಯ ಸಂಘದ ಜೊತೆ ಮಾತುಕತೆಗೆ ಕೂತರು. ಒಟ್ಟಿಗೆ ಸೇರಿಹೋಗೋಣ, ನೀವೆಲ್ಲ ಎಂಡಿ ಆಗಿಬಿಡಿ ಅನ್ನುವುದು ಅಲ್ಲಿ ಬಂದ ಪ್ರಸ್ತಾವ. ಡಿಓಗಳ ರಾಷ್ಟ್ರೀಯ ಸಂಘ ಇದನ್ನು ಒಪ್ಪಲಿಲ್ಲ. 1960 ರಲ್ಲಿ ಆ ರಾಜ್ಯ ಸಂಘದ ಮಾನ್ಯತೆಯನ್ನೇ ಹಿಂದಕ್ಕೆ ತೆಗೆದುಕೊಂಡಿತು. ವಿಲೀನ ಬೇಡ ಅನ್ನುವವರ ಹೊಸ ಸಂಘಕ್ಕೆ ಮಾನ್ಯತೆ ಕೊಟ್ಟಿತು. ಆದರೂ ಹಳೆಯ ಸಂಘದ ಪ್ರತಿನಿಧಿಗಳು 1961 ರಲ್ಲಿ ದೊಡ್ಡ ಬಹುಮತದಿಂದ ಒಪ್ಪಂದಕ್ಕೆ ಹೂಂ ಅಂದರು.

1962 ರಲ್ಲಿ ಲಾಸ್ ಏಂಜಲೀಸ್‌ನ ಡಿಓ ಕಾಲೇಜು ಎಂಡಿ ಕಾಲೇಜಾಯಿತು. ಸುಮಾರು 2,000 ಡಿಓಗಳು 65 ಡಾಲರ್ ಕಟ್ಟಿ ಎಂಡಿ ಪದವಿ ತೆಗೆದುಕೊಂಡರು. ಅದೇ ವರ್ಷದ ನವೆಂಬರಿನಲ್ಲಿ ಪ್ರಸ್ತಾವ 22 ಅನ್ನುವ ಹೆಸರಲ್ಲಿ ವಿಷಯ ಜನರ ಮುಂದೆ ಹೋಗಿ ಪಾಸಾಯಿತು. ಆ ಮೇಲೆ ಕ್ಯಾಲಿಫೋರ್ನಿಯಾದಲ್ಲಿ ಹೊಸ ಡಿಓಗೆ ಲೈಸೆನ್ಸ್ ಇಲ್ಲ. ಇದ್ದ ಡಿಓಗಳು ಕಡಿಮೆಯಾಗುತ್ತ 40ಕ್ಕೆ ಇಳಿದ ದಿನ ಅವರ ಬೋರ್ಡನ್ನೂ ಮುಚ್ಚುವುದು ಅಂತ ಬರೆದಿತ್ತು. ಅಂದರೆ ಒಂದು ವೃತ್ತಿ ತಾನಾಗಿ ಸಾಯಲಿ ಅಂತ ಕಾನೂನಲ್ಲೇ ಏರ್ಪಾಡು ಮಾಡಿದ್ದರು.

ಎಂಡಿ ಪಡೆದವರಿಗಾದರೂ ಅಂದುಕೊಂಡಷ್ಟು ಸಿಕ್ಕಿತಾ? ಆ 65 ಡಾಲರಿನ ಪದವಿಗೆ ಬೇರೆ ಎಷ್ಟೋ ರಾಜ್ಯಗಳು ಬೆಲೆ ಕೊಡಲಿಲ್ಲ. ಡಿಓ ಸ್ಪೆಷಲಿಸ್ಟುಗಳು ತಮ್ಮ ಸ್ಪೆಷಾಲಿಟಿ ಮಾನ್ಯತೆ ಕಳೆದುಕೊಂಡರು. ಇತ್ತ ಕಡೆ, ಪದವಿ ಬಿಡಲೊಪ್ಪದ ಕೆಲವೇ ನೂರು ಡಿಓಗಳು ಆ ಹೊಸ ಸಂಘವನ್ನು ಉಳಿಸಿಕೊಂಡರು. ಅದರ ಬೋರ್ಡಿನಲ್ಲಿ ಕೂತವರಿಗೆ ಸಂಬಳ ಇಲ್ಲ, ಪ್ರತಿಷ್ಠೆ ಇಲ್ಲ, ಮುಂದೆ ಸದಸ್ಯರು ಹೆಚ್ಚುವ ದಾರಿಯನ್ನೂ ಕಾನೂನು ಮುಚ್ಚಿತ್ತು. ಆದರೂ ಕೂತರು, ಚಂದಾ ಎತ್ತಿದರು. ಹೊರರಾಜ್ಯದ ಡಿಓಗಳು ಲೈಸೆನ್ಸಿಗಾಗಿ ಹೂಡಿದ ಕೇಸಿನಲ್ಲಿ 1974 ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್, ಡಿಓಗಳಿಗೆ ಲೈಸೆನ್ಸ್ ನಿಲ್ಲಿಸಿದ್ದು ಸಂವಿಧಾನಕ್ಕೆ ವಿರುದ್ಧ ಅಂತ ತೀರ್ಪು ಕೊಟ್ಟಿತು. ಮೂರು ವರ್ಷದ ನಂತರ ಪೊಮೋನಾದಲ್ಲಿ ಹೊಸ ಡಿಓ ಕಾಲೇಜು ಸ್ಥಾಪನೆಯಾಯಿತು. ಈಗ ವಲ್ಲೆಹೋ, ಕ್ಲೋವಿಸ್‌ನಲ್ಲೂ ಇವೆ. ಹಳೆಯ ಕಾಲೇಜು ಮಾತ್ರ ಮರಳಿ ಬರಲಿಲ್ಲ, ಅದು ಇವತ್ತು ಅರ್ವೈನ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಮೆಡಿಕಲ್ ಸ್ಕೂಲು.

ವಿಲೀನಕ್ಕೆ ಹೂಂ ಅಂದವರನ್ನು ನಾನು ದ್ರೋಹಿಗಳು ಅನ್ನುವುದಿಲ್ಲ. ಅವರ ಕಷ್ಟ ನಿಜವಾದದ್ದು, ಎಂಡಿಗಳ ಆಸ್ಪತ್ರೆಗಳ ಬಾಗಿಲು ಮುಚ್ಚಿತ್ತು, ಮಕ್ಕಳ ಮುಂದೆ ತಲೆಯೆತ್ತಿ ನಿಲ್ಲಬೇಕು ಅನ್ನುವ ಆಸೆ ಯಾರಿಗಿಲ್ಲ ಹೇಳಿ. ಆದರೆ ಮಾತುಕತೆಗೆ ಕೂತವರು, ಕಾಗದಕ್ಕೆ ಸಹಿ ಹಾಕಿದವರು, ಆ ಮೇಲೆ ಎದ್ದುನಿಂತು ಹೋರಾಡಿದವರು, ಎಲ್ಲರೂ ನಿಮ್ಮ ಈಮೇಲಿನಲ್ಲಿರುವಂಥದ್ದೇ ಸಾಧಾರಣ ಚುನಾವಣೆಗಳಲ್ಲಿ ಆರಿಸಿ ಬಂದವರು. ಅವರು ಆರಿಸಿಬಂದ ವರ್ಷ ಯಾರೂ ವಿಲೀನದ ಮಾತಾಡಿರಲಿಕ್ಕಿಲ್ಲ.

ಈಗ ಪರಿಚಯ ಪತ್ರಗಳಿಗೆ ಬರೋಣ. ಅವೆಲ್ಲ ಒಂದೇ ಥರ ಕಾಣುವುದಕ್ಕೆ ಕಾರಣ ಇದೆ. ಅಭ್ಯರ್ಥಿಗಳ ಹೆಸರು ಸೂಚಿಸುವ ನಾಮಿನೇಟಿಂಗ್ ಕಮಿಟಿ ಎಲ್ಲರಿಗೂ ಒಂದೇ ಫಾರಂ ಕೊಟ್ಟಿರುತ್ತದೆ, ಪದಗಳ ಮಿತಿಯೂ ಇರುತ್ತದೆ. ಎಲ್ಲಿ ರೆಸಿಡೆನ್ಸಿ (ಪದವಿಯ ನಂತರದ ಆಸ್ಪತ್ರೆ ತರಬೇತಿ), ಯಾವ ಪ್ರಶಸ್ತಿ, ಎಷ್ಟು ಮಕ್ಕಳು, ಯಾವ ನಾಯಿ. ಈ ಭಾಗ ಬಿಟ್ಟುಬಿಡಿ. "ವೃತ್ತಿಯನ್ನು ಬಲಪಡಿಸುತ್ತೇನೆ", "ಯುವ ಡಾಕ್ಟರುಗಳ ದನಿಯಾಗುತ್ತೇನೆ" ಅನ್ನುವ ಸಾಲುಗಳನ್ನೂ ಬಿಡಿ. ಉಳಿದದ್ದರಲ್ಲಿ ಒಂದಾದರೂ ಗಟ್ಟಿ ವಿಷಯ ಇದೆಯಾ ಹುಡುಕಿ: ಒಂದು ಮಸೂದೆಯ ಹೆಸರು, ಒಂದು ಇನ್ಶೂರೆನ್ಸ್ ಸಮಸ್ಯೆ, ಬಜೆಟ್ಟಿನ ಮಾತು, ತಾವು ಕೂತ ಕಮಿಟಿಯಲ್ಲಿ ಆದ ಒಂದು ಕೆಲಸ. ಸಿಗದಿದ್ದರೆ ಈಮೇಲ್ ಬರೆದು ಕೇಳಿ. ಸದಸ್ಯರು ಕೇಳುವುದೇ ಅಪರೂಪ, ಆದ್ದರಿಂದ ಕೇಳಿದವರಿಗೆ ಉತ್ತರ ಕೊಡುತ್ತಾರೆ. ಕೊಡದಿದ್ದರೆ ಅದೂ ಒಂದು ಮಾಹಿತಿಯೇ, ಅಲ್ವಾ?

ಏನು ಕೇಳಬೇಕು ಅಂದರೆ, ನಾನಾಗಿದ್ದರೆ ಮೊದಲು ದುಡ್ಡಿನ ವಿಷಯ ಕೇಳುತ್ತೇನೆ. ಡಾಕ್ಟರುಗಳಿಗೆ ಇದು ಕೇಳಲು ಮುಜುಗರ. ಆದರೆ ಸಂಘ ಉಳಿಯುವುದು ಅಳಿಯುವುದು ಎಲ್ಲ ಇದರ ಮೇಲೇ ನಿಂತಿದೆ. ಒಂದು ಕಾಲದಲ್ಲಿ ಡಿಓ ಆದವರು ಸಂಘಕ್ಕೆ ಸೇರಲೇಬೇಕಾದಂಥ ಪರಿಸ್ಥಿತಿ ಇತ್ತು. ರಾಷ್ಟ್ರೀಯ ಸಂಘದ ಮೂಲಕ ಸ್ಪೆಷಾಲಿಟಿ ಸರ್ಟಿಫಿಕೇಟ್ ಪಡೆದವರು, ಅದು ಉಳಿಯಬೇಕಾದರೆ ವರ್ಷವರ್ಷ ಸದಸ್ಯತ್ವದ ಹಣ ಕಟ್ಟಬೇಕಿತ್ತು. 2016 ರಲ್ಲಿ ಕೆಲವು ಡಿಓಗಳು ನ್ಯೂಜೆರ್ಸಿಯ ಫೆಡರಲ್ ಕೋರ್ಟಿನಲ್ಲಿ ಇದರ ಮೇಲೆ ಕೇಸು ಹಾಕಿದರು. 2018 ರಲ್ಲಿ ರಾಜಿಯಾಗಿ ಎರಡನ್ನೂ ಬೇರೆಬೇರೆ ಮಾಡಿದರು. ಅದು ಸರಿಯಾದ ತೀರ್ಮಾನ ಅಂತ ನನ್ನ ಅಭಿಪ್ರಾಯ. ಹೆದರಿಕೆಯಿಂದ ಕಟ್ಟಿಸಿಕೊಂಡ ಚಂದಾದಲ್ಲಿ ಸಂಘಟನೆ ಬೆಳೆಯುವುದಿಲ್ಲ. ಆದರೆ ಅದಾದ ಮೇಲೆ ಎಲ್ಲ ಹಂತದ ಸಂಘಗಳೂ ಸದಸ್ಯರಿಗೆ ನಿಜವಾಗಿ ಏನು ಕೊಡುತ್ತೇವೆ ಅಂತ ತೋರಿಸಿ ಹಣ ಕೇಳಬೇಕಾಗಿದೆ. ರಾಜ್ಯ ಸಂಘಗಳ ಇನ್ನೊಂದು ಆದಾಯ ಸಿಎಂಇ, ಅಂದರೆ ಡಾಕ್ಟರುಗಳು ಪದವಿಯ ನಂತರವೂ ಮುಂದುವರಿಸಬೇಕಾದ ಕಲಿಕೆಯ ಸಮ್ಮೇಳನಗಳು. ಆನ್‌ಲೈನಿನಲ್ಲಿ ಮನೆಯಲ್ಲೇ ಕೂತು ಗಂಟೆ ತುಂಬಿಸಿಕೊಳ್ಳಬಹುದಾದ ಕಾಲದಲ್ಲಿ ಹೋಟೆಲ್ ಮಾಡಿಕೊಂಡು ಮೂರು ದಿನ ಸಮ್ಮೇಳನಕ್ಕೆ ಬರಲು ಜನರಿಗೆ ಬೇರೆ ಕಾರಣ ಬೇಕು. ಇದಕ್ಕೆ ನಿಮ್ಮ ಅಭ್ಯರ್ಥಿ ಏನು ಹೇಳುತ್ತಾರೆ? "ಸದಸ್ಯತ್ವ ಹೆಚ್ಚಿಸುತ್ತೇನೆ" ಅನ್ನುವುದು ಉತ್ತರ ಅಲ್ಲ. ರೆಸಿಡೆನ್ಸಿ ಮುಗಿಸಿದ ಮೊದಲ ಎರಡು ವರ್ಷದಲ್ಲಿ ಜನ ಯಾಕೆ ಬಿಟ್ಟುಹೋಗುತ್ತಾರೆ, ಅವರನ್ನು ಹೇಗೆ ಉಳಿಸಿಕೊಳ್ಳುತ್ತೀರಿ ಅಂತ ಕೇಳಿ.

ಕೇಳುವ ಮೊದಲು ಲೆಕ್ಕ ನೀವೇ ನೋಡಿಕೊಳ್ಳಿ. ಇಂಥ ಸಂಘಗಳು ತೆರಿಗೆ ವಿನಾಯಿತಿ ಇರುವ ಸಂಸ್ಥೆಗಳು. ದೊಡ್ಡ ಆದಾಯ ಇರುವವು ಪ್ರತಿ ವರ್ಷ ತೆರಿಗೆ ಇಲಾಖೆಗೆ ಫಾರ್ಮ್ 990 ಅನ್ನುವ ಲೆಕ್ಕಪತ್ರ ಸಲ್ಲಿಸಬೇಕು. ಹಿಂದಿನ ಮೂರು ವರ್ಷದ್ದನ್ನು ಯಾರು ಕೇಳಿದರೂ ತೋರಿಸಬೇಕು. ಚಂದಾದಿಂದ ಎಷ್ಟು ಬಂತು, ಸಮ್ಮೇಳನದಿಂದ ಎಷ್ಟು, ಬ್ಯಾಂಕಲ್ಲಿ ಎಷ್ಟು ಉಳಿದಿದೆ, ಮುಖ್ಯ ಸಿಬ್ಬಂದಿಯ ಸಂಬಳ ಎಷ್ಟು, ಬೋರ್ಡಿನ ಒಬ್ಬೊಬ್ಬರು ವಾರಕ್ಕೆ ಎಷ್ಟು ಗಂಟೆ ಕೊಡುತ್ತಾರೆ, ಎಲ್ಲ ಅದರಲ್ಲಿದೆ. ಅರ್ಧ ಗಂಟೆ ಸಾಕು. ಮೂರು ವರ್ಷದ ಅಂಕಿಗಳನ್ನು ಪಕ್ಕಪಕ್ಕ ಇಟ್ಟರೆ ಸಂಘ ಮೇಲೇಳುತ್ತಿದೆಯೋ ಕರಗುತ್ತಿದೆಯೋ ಗೊತ್ತಾಗುತ್ತದೆ. ಈಗಾಗಲೇ ಬೋರ್ಡಲ್ಲಿದ್ದು ಮತ್ತೆ ನಿಂತಿರುವವರಿಗೆ ಆ ಅಂಕಿಗಳನ್ನೇ ತೋರಿಸಿ ಪ್ರಶ್ನೆ ಮಾಡಬಹುದು.

ಎರಡನೆಯದು ನಿಮ್ಮ ದಿನದಿನದ ಕೆಲಸಕ್ಕೆ ಸಂಬಂಧಪಟ್ಟದ್ದು. ನೀವು ಫ್ಯಾಮಿಲಿ ಡಾಕ್ಟರ್, ಕೈಚಿಕಿತ್ಸೆಯನ್ನೂ ಮಾಡುತ್ತೀರಿ ಅಂದುಕೊಳ್ಳುತ್ತೇನೆ. ಸೊಂಟನೋವು ಅಂತ ಬಂದ ರೋಗಿಯ ಬಿಪಿ, ಸಕ್ಕರೆ ಎಲ್ಲ ನೋಡಿ, ಆಮೇಲೆ ಕೈಚಿಕಿತ್ಸೆಯನ್ನೂ ಕೊಟ್ಟರೆ, ಎರಡಕ್ಕೂ ಬೇರೆಬೇರೆ ಬಿಲ್ ಹಾಕಬೇಕು. ಭೇಟಿಗೆ ಒಂದು ಕೋಡು, ಅದರ ಜೊತೆ ಮಾಡಿಫೈಯರ್ 25, ಅಂದರೆ ಭೇಟಿ ಬೇರೆ, ಅದೇ ದಿನದ ಚಿಕಿತ್ಸೆ ಬೇರೆ ಅಂತ ತಿಳಿಸುವ ಗುರುತು. ಚಿಕಿತ್ಸೆಗೆ ದೇಹದ ಎಷ್ಟು ಭಾಗ ಮುಟ್ಟಿದಿರಿ ಅನ್ನುವುದರ ಮೇಲೆ 98925 ರಿಂದ 98929 ರವರೆಗಿನ ಒಂದು ಕೋಡು. ಇನ್ಶೂರೆನ್ಸ್ ಕಂಪನಿಗಳು ಎರಡರಲ್ಲಿ ಒಂದನ್ನು ಹೊಡೆದುಹಾಕುವುದು ಹಳೆಯ ತಲೆನೋವು. ಒಬ್ಬ ಡಾಕ್ಟರ್ ಒಂದೊಂದು ಕ್ಲೇಮಿಗೂ ಜಗಳ ಆಡುತ್ತ ಕೂರಲು ಆಗುವುದಿಲ್ಲ. ಸಂಘ ಮಾತ್ರ ಐವತ್ತು ಡಾಕ್ಟರುಗಳ ತಿರಸ್ಕಾರದ ಪತ್ರಗಳನ್ನು ಒಟ್ಟು ಮಾಡಿ ರಾಜ್ಯದ ಇನ್ಶೂರೆನ್ಸ್ ಇಲಾಖೆಯ ಮುಂದೆ ಇಡಬಹುದು. ಮಾಡಿಫೈಯರ್ 25 ಬಗ್ಗೆ ನಿಮ್ಮ ಅಭ್ಯರ್ಥಿಗೆ ಒಂದು ಸಾಲು ಬರೆದು ನೋಡಿ. ತಾವೇ ಆ ಬಿಲ್ ಹಾಕಿದವರು ಎರಡು ಪುಟ ಉತ್ತರ ಬರೆಯುತ್ತಾರೆ! ಈ ಪದವಿಗೆ ಬೇರೆ ಸಂಘ ಯಾಕೆ ಬೇಕು ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಕಾರಣ ನನಗೆ ಗೊತ್ತಿಲ್ಲ, ಯಾಕೆಂದರೆ ಈ ಸಮಸ್ಯೆಯನ್ನು ಎಂಡಿಗಳ ಸಂಘ ನಿಮಗಾಗಿ ತಲೆಮೇಲೆ ಹೊತ್ತುಕೊಳ್ಳುವುದಿಲ್ಲ.

ನರ್ಸ್ ಪ್ರಾಕ್ಟೀಷನರ್‌ಗಳಿಗೆ (ಹೆಚ್ಚಿನ ತರಬೇತಿ ಪಡೆದು ರೋಗಿಗಳಿಗೆ ಚಿಕಿತ್ಸೆ ಕೊಡುವ ನರ್ಸುಗಳಿಗೆ) ಡಾಕ್ಟರ ಉಸ್ತುವಾರಿ ಇಲ್ಲದೆ ಸ್ವತಂತ್ರ ಪ್ರಾಕ್ಟೀಸ್ ಕೊಡುವ ವಿಷಯವನ್ನು ಐದೂ ಜನ ಬರೆದಿರುತ್ತಾರೆ. ಅರ್ಧಕ್ಕಿಂತ ಹೆಚ್ಚು ರಾಜ್ಯಗಳಲ್ಲಿ ಅದು ಬಂದೂ ಆಗಿದೆ. ಇದರಲ್ಲಿ ಅಭ್ಯರ್ಥಿಗಳ ನಡುವೆ ವ್ಯತ್ಯಾಸ ಸಿಗುವುದು ಕಷ್ಟ, ಸುಮ್ನೆ ಸಮಯ ಹಾಳು ಮಾಡಿಕೊಳ್ಳಬೇಡಿ.

ಈಗ ನಿಮ್ಮ ಡೀನ್. ಅವರು ನಿಮಗೆ ಪಾಠ ಹೇಳಿದವರು ಇರಬಹುದು, ಗೌರವ ಇರಲಿ. ಆದರೆ ಬೋರ್ಡಿನ ಕುರ್ಚಿಯಲ್ಲಿ ಕೂತಾಗ ಅವರಿಗೆ ಇಬ್ಬರು ಯಜಮಾನರು. ಕಾಲೇಜಿಗೆ ಜಾಸ್ತಿ ವಿದ್ಯಾರ್ಥಿಗಳು ಬೇಕು, ಆ ವಿದ್ಯಾರ್ಥಿಗಳನ್ನು ಮೂರನೇ ನಾಲ್ಕನೇ ವರ್ಷದಲ್ಲಿ ಕಳಿಸಲು ನಿಮ್ಮಂಥವರ ಕ್ಲಿನಿಕ್ಕು ಬೇಕು. ದೇಶದಲ್ಲಿ ಡಿಓ ಕಾಲೇಜುಗಳು 40 ದಾಟಿವೆ, ತರಬೇತಿಗೆ ಜಾಗ ಸಾಲದೆ ಒದ್ದಾಟ ಇದೆ. ಕಲಿಸುವ ಡಾಕ್ಟರಿಗೆ ಕಾಲೇಜು ದುಡ್ಡು ಕೊಡಬೇಕಾ ಅನ್ನುವ ಚರ್ಚೆ ಬೋರ್ಡಿಗೆ ಬಂದರೆ ಡೀನ್ ಯಾರ ಕಡೆ? ಇದನ್ನು ನೇರವಾಗಿ, ಮರ್ಯಾದೆಯಿಂದ ಕೇಳಿ. "ಅಂಥ ವಿಷಯ ಬಂದಾಗ ನಾನು ಹೊರಗೆ ಹೋಗಿ ಕೂರುತ್ತೇನೆ, ವೋಟು ಹಾಕುವುದಿಲ್ಲ" ಅಂತ ತಕ್ಷಣ ಹೇಳಿದರೆ ಅವರು ಒಳ್ಳೆಯ ಅಭ್ಯರ್ಥಿ. ಡೀನ್‌ಗಳಿಂದ ಲಾಭವೂ ಇದೆ ಅನ್ನುವುದನ್ನು ಮರೆಯಬಾರದು. 2020 ರಲ್ಲಿ ಎಂಡಿ, ಡಿಓ ರೆಸಿಡೆನ್ಸಿಗಳು ಪೂರ್ತಿ ಒಂದೇ ವ್ಯವಸ್ಥೆಯ ಕೆಳಗೆ ಬಂದವು. ಆದರೂ ಡಿಓ ವಿದ್ಯಾರ್ಥಿಗಳು ತಮ್ಮ ಪರೀಕ್ಷೆಯ ಜೊತೆಗೆ ಎಂಡಿಗಳ ಪರೀಕ್ಷೆಯನ್ನೂ ಹಣ ಕಟ್ಟಿ ಬರೆಯುವುದು ನಿಂತಿಲ್ಲ, ಕೆಲವು ರೆಸಿಡೆನ್ಸಿ ಪ್ರೋಗ್ರಾಂಗಳು ಅದನ್ನೇ ಕೇಳುತ್ತವೆ. ಈ ಅನ್ಯಾಯವನ್ನು ಹತ್ತಿರದಿಂದ ಬಲ್ಲವರು ಬೋರ್ಡಲ್ಲಿ ಇರಬೇಕು.

ಆಸ್ಪತ್ರೆ ಸಮೂಹದ ಮುಖ್ಯಾಧಿಕಾರಿಯ ಬಗ್ಗೆ ನನಗೆ ಇನ್ನೂ ಜಾಸ್ತಿ ಎಚ್ಚರ ಇದೆ. ಕಾರಣ ನಾನ್‌ಕಾಂಪೀಟ್. ಕೆಲಸ ಬಿಟ್ಟರೆ ಇಷ್ಟು ಮೈಲಿ ಸುತ್ತ ಇಷ್ಟು ವರ್ಷ ಪ್ರಾಕ್ಟೀಸ್ ಮಾಡಬಾರದು ಅನ್ನುವ ಷರತ್ತು ನಿಮ್ಮ ಒಪ್ಪಂದದಲ್ಲೂ ಇರಬಹುದು, ತೆಗೆದು ನೋಡಿ. ಸಣ್ಣ ಊರಲ್ಲಿ ಇದರ ಅರ್ಥ ಒಂದೇ: ಕೆಲಸ ಬಿಟ್ಟರೆ ಊರೂ ಬಿಡಬೇಕು, ರೋಗಿಗಳೂ ಡಾಕ್ಟರನ್ನು ಕಳೆದುಕೊಳ್ಳುತ್ತಾರೆ. 2024 ರಲ್ಲಿ ವ್ಯಾಪಾರದ ಪೈಪೋಟಿ ನೋಡಿಕೊಳ್ಳುವ ಕೇಂದ್ರ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ ಇಂಥ ಷರತ್ತುಗಳನ್ನು ದೇಶಾದ್ಯಂತ ನಿಲ್ಲಿಸುವ ನಿಯಮ ತಂದಿತು. ಅದು ಜಾರಿಗೆ ಬರುವ ಮೊದಲೇ ಟೆಕ್ಸಸ್‌ನ ಒಂದು ಫೆಡರಲ್ ಕೋರ್ಟ್ ತಡೆಯಿತು. 2025 ರಲ್ಲಿ ಕಮಿಷನ್ ತನ್ನ ಮೇಲ್ಮನವಿಯನ್ನೂ ಕೈಬಿಟ್ಟಿತು. ಹಾಗಾಗಿ ಈಗ ಹೋರಾಟ ಇರುವುದು ರಾಜ್ಯಗಳಲ್ಲಿ. ನಿಮ್ಮ ಮಿಡ್‌ವೆಸ್ಟಿನಲ್ಲೇ ಇಂಡಿಯಾನಾ 2023 ರಲ್ಲಿ ಪ್ರೈಮರಿ ಕೇರ್ ಡಾಕ್ಟರುಗಳ ಹೊಸ ಒಪ್ಪಂದಗಳಲ್ಲಿ ಈ ಷರತ್ತು ಹಾಕಬಾರದು ಅಂತ ಕಾನೂನು ಮಾಡಿತು. ನಾಳೆ ನಿಮ್ಮ ರಾಜ್ಯದಲ್ಲಿ ಅಂಥ ಮಸೂದೆ ಬಂದರೆ ಸಂಘ ಪರವಾಗಿ ನಿಲ್ಲಬೇಕಾ ಬೇಡವಾ ಅಂತ ಬೋರ್ಡು ವೋಟು ಹಾಕುತ್ತದೆ. ಡಾಕ್ಟರುಗಳನ್ನು ಕೆಲಸಕ್ಕೆ ಇಟ್ಟುಕೊಳ್ಳುವ ಕಡೆ ಕೂತವರು ಅಲ್ಲಿ ಏನು ಮಾಡುತ್ತಾರೆ ಅನ್ನುವುದು ನಿಮಗೆ ಈಗಲೇ ಗೊತ್ತಿರಬೇಕು. ಅವರು ಕೆಟ್ಟವರು ಅಂತ ಅಲ್ಲ. ಅವರ ಉತ್ತರ ಬರವಣಿಗೆಯಲ್ಲಿ ಇರಲಿ, ಅಷ್ಟೇ.

ಇನ್ನೆರಡು ಕಡೆ ಕಣ್ಣಾಡಿಸಿ. ಔಷಧ ಕಂಪನಿಗಳು ಯಾವ ಡಾಕ್ಟರಿಗೆ ಎಷ್ಟು ಹಣ ಕೊಟ್ಟಿವೆ ಅನ್ನುವುದನ್ನು ಫೆಡರಲ್ ಸರಕಾರ ಓಪನ್ ಪೇಮೆಂಟ್ಸ್ ಅನ್ನುವ ಹೆಸರಲ್ಲಿ ಪ್ರಕಟಿಸುತ್ತದೆ, ಹೆಸರು ಹಾಕಿದರೆ ಬರುತ್ತದೆ. ಊಟದ ಲೆಕ್ಕ ನೋಡಿ ಗಾಬರಿಯಾಗಬೇಡಿ, ದೊಡ್ಡ ಭಾಷಣದ ಸಂಭಾವನೆ, ಸಲಹೆಗಾರರ ಹಣ ಇದ್ದರೆ ಮಾತ್ರ ಗಮನಿಸಿ. ಹಾಗೇ ರಾಜ್ಯದ ಲೈಸೆನ್ಸ್ ಬೋರ್ಡಿನ ಹುಡುಕಾಟದಲ್ಲಿ ಶಿಸ್ತುಕ್ರಮ ಏನಾದರೂ ಇದೆಯಾ ನೋಡಿ.

ನಿಮ್ಮ ಸ್ನೇಹಿತರ ಮಾತಿಗೆ ಬರುತ್ತೇನೆ. ನಮ್ಮವರು ಬೋರ್ಡಲ್ಲಿ ಇರಬೇಕು ಅನ್ನುವ ಆಸೆ ತಪ್ಪಲ್ಲ. ಮೈಸೂರು, ಬೆಂಗಳೂರು, ಹುಬ್ಬಳ್ಳಿಯಲ್ಲಿ ಓದಿ ಹೋದ ಹಿಂದಿನ ತಲೆಮಾರಿನ ಡಾಕ್ಟರುಗಳು ಹೊರಗಿನವರು ಅನ್ನಿಸಿಕೊಂಡು ಎಷ್ಟು ಬಾಗಿಲು ತಟ್ಟಿದರು, 1982 ರಲ್ಲಿ ಭಾರತೀಯ ಮೂಲದ ಡಾಕ್ಟರುಗಳು ತಮ್ಮದೇ ರಾಷ್ಟ್ರೀಯ ಸಂಘ ಯಾಕೆ ಕಟ್ಟಿಕೊಂಡರು ಅನ್ನುವುದನ್ನು ನಿಮ್ಮ ಮನೆಯ ಹಿರಿಯರ ಪರಿಚಯದವರೇ ಹೇಳಿಯಾರು. ಆದರೆ ಡಿಓ ಸಂಘದ ಕಷ್ಟಗಳು ಬೇರೆ, ಅಲ್ಲಿ ಹೆಸರು ನೋಡಿ ವೋಟು ಹಾಕಿದರೆ ಆ ಅಭ್ಯರ್ಥಿಗೂ ನ್ಯಾಯ ಮಾಡಿದ ಹಾಗಲ್ಲ. ಉಳಿದ ನಾಲ್ವರಿಗೆ ಕೇಳಿದ್ದನ್ನೇ ಅವರಿಗೂ ಕೇಳಿ. ಒಳ್ಳೆಯ ಉತ್ತರ ಬಂದರೆ ನೀವು ಹಾಕುವುದಷ್ಟೇ ಅಲ್ಲ, ನಿಮ್ಮ ಬ್ಯಾಚಿನವರಿಗೆಲ್ಲ ಆ ಉತ್ತರವನ್ನೇ ಕಳಿಸಿ ಹಾಕಿಸಿ. ಬರೀ ಭಾರತೀಯರ ಗುಂಪಿಗಲ್ಲ, ಎಲ್ಲರಿಗೂ.

ಒಂದು ಕೆಲಸ ಈ ಚುನಾವಣೆ ಮುಗಿದ ಮೇಲೂ ಉಳಿಯುತ್ತದೆ. ಬೈಲಾ ತೆಗೆದು ನಾಮಿನೇಟಿಂಗ್ ಕಮಿಟಿ ಹೇಗೆ ರಚನೆಯಾಗುತ್ತದೆ ಓದಿ. ತುಂಬಾ ಕಡೆ ಹಳೆಯ ಅಧ್ಯಕ್ಷರುಗಳೇ ಅದರಲ್ಲಿ ತುಂಬಿರುತ್ತಾರೆ, ತಮಗೆ ಗೊತ್ತಿರುವವರ ಹೆಸರನ್ನೇ ಹಾಕುತ್ತಾರೆ. ಅದು ದುರುದ್ದೇಶ ಅಲ್ಲ, ಅವರಿಗೆ ಬೇರೆ ಯಾರೂ ಸಿಗುವುದಿಲ್ಲ. ಹೆಸರು ಕಳಿಸಲು ಕೊನೆಯ ದಿನ ಯಾವುದು, ಸದಸ್ಯರ ಸಹಿ ಹಾಕಿಸಿ ಅರ್ಜಿ ಕೊಡಬಹುದಾ, ವಾರ್ಷಿಕ ಸಭೆಯಲ್ಲಿ ಎದ್ದುನಿಂತು ಹೆಸರು ಸೂಚಿಸಬಹುದಾ, ಇವನ್ನು ಗುರುತು ಹಾಕಿಟ್ಟುಕೊಳ್ಳಿ. ಸಣ್ಣ ಊರಿನ ಫ್ಯಾಮಿಲಿ ಡಾಕ್ಟರುಗಳು ಇಂಥ ಬೋರ್ಡುಗಳಲ್ಲಿ ಕಡಿಮೆ, ಯಾಕೆಂದರೆ ಸಭೆಗೆ ಹೋದ ದಿನ ಕ್ಲಿನಿಕ್ ಮುಚ್ಚಬೇಕು. ನೀವೇ ಒಂದು ಕಮಿಟಿಗೆ ಸೇರಿಕೊಂಡು ಶುರು ಮಾಡಿ ಅಂತ ನಾನು ಹೇಳುತ್ತೇನೆ. ಶಾಸನ ಕಮಿಟಿ ಒಳ್ಳೆಯದು, ಹೆಚ್ಚಿನ ಸಭೆಗಳು ಈಗ ವಿಡಿಯೋದಲ್ಲೇ ಆಗುತ್ತವೆ.

ಕೊನೆಯದಾಗಿ ನೀವು ಕೇಳದಿದ್ದ ಒಂದು ವಿಷಯ. ಮೂರು ಸ್ಥಾನ ಇದೆ ಅಂತ ಮೂವರಿಗೂ ಹಾಕಲೇಬೇಕು ಅಂದುಕೊಂಡಿದ್ದೀರೇನೋ. ಬೈಲಾದಲ್ಲಿ ಬೇರೆ ಥರ ಬರೆದಿಲ್ಲದಿದ್ದರೆ ಹಾಗೇನೂ ಇಲ್ಲ, ಇಬ್ಬರಿಗೇ ಹಾಕಿ ಕಳಿಸಬಹುದು. ಉತ್ತರಗಳು ಬಂದ ಮೇಲೆ ಇಬ್ಬರ ಮೇಲೆ ಮಾತ್ರ ನಂಬಿಕೆ ಬಂತು ಅಂದರೆ, ಮೂರನೆಯದನ್ನು ತುಂಬಿಸಲು ಯಾರಿಗೋ ಹಾಕಿದ ವೋಟು ನೀವು ನಂಬಿದ ಅಭ್ಯರ್ಥಿಯನ್ನೇ ಸೋಲಿಸಬಹುದು. ಆ ಜಾಗವನ್ನು ಖಾಲಿ ಬಿಡಿ.